ಡಬ್ಬಿ ಮೀನಿನ ಕಟ್ಲೆಟ್ ಒಡೆಯುವುದೇಕೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರಿಗೆ ಹಸಿಮೀನು ಬರುವುದು ಅಪರೂಪವಾದ್ದರಿಂದ, ಡಬ್ಬಿಯ ಟ್ಯೂನಾ ಮೀನಿಗೆ ರಾತ್ರಿ ಉಳಿದ ಆಲೂಗಡ್ಡೆ ಪಲ್ಯವನ್ನು ಕಲಸಿ ಕಟ್ಲೆಟ್ ಮಾಡಿದೆ. ಎಲ್ಲವೂ ಕಾವಲಿಯಲ್ಲೇ ಪುಡಿಯಾದವು. ಕಾರಣವೇನು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪು ಮೀನಿನದಲ್ಲ, ನೀರಿನದು. ಡಬ್ಬಿಯ ಎಣ್ಣೆ ಅಥವಾ ಉಪ್ಪುನೀರನ್ನು ಜರಡಿಯಲ್ಲಿ ಬಸಿದು, ಮೀನನ್ನು ಅಂಗೈಯಲ್ಲಿ ಒತ್ತಿ ಹಿಂಡಿದ ಮೇಲೆಯೇ ಅಳೆಯಬೇಕು. 150 ಗ್ರಾಂ ಮೀನಿಗೆ 200 ಗ್ರಾಂ ಆಲೂಗಡ್ಡೆ ಸಾಕು. ಪಲ್ಯದ ಈರುಳ್ಳಿಯೂ ನೀರು ಬಿಡುವುದರಿಂದ, ಏನೂ ಬೆರೆಸದೆ ನುರಿದಿಟ್ಟ ಆಲೂಗಡ್ಡೆಯೇ ಉತ್ತಮ. ಅದು ತಣ್ಣಗಿದ್ದಷ್ಟೂ ಗಟ್ಟಿಯಾಗಿರುತ್ತದೆಯಾದ್ದರಿಂದ ಹಿಂದಿನ ದಿನ ಫ್ರಿಜ್‌ನಲ್ಲಿಟ್ಟದ್ದು ಇಲ್ಲಿ ಅನುಕೂಲವೇ.

ಒಂದು ಮೊಟ್ಟೆ, ಎರಡು ಚಮಚ ಅಕ್ಕಿಹಿಟ್ಟು, ಶುಂಠಿ, ಕೊತ್ತಂಬರಿ ಸೊಪ್ಪು ಮತ್ತು ಜಜ್ಜಿದ ಸೂಜಿಮೆಣಸು ಸೇರಿಸಿ ಕಲಸಿರಿ. ಡಬ್ಬಿ ಮೀನಿನಲ್ಲಿ ಸಾಮಾನ್ಯವಾಗಿ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿರಿ. ತಟ್ಟಿದ ಕಟ್ಲೆಟ್‌ಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ, ಮಧ್ಯಮ ಉರಿಯಲ್ಲಿ ಕಾಯಿಸಿರಿ. ತಳ ಕೆಂಪಾಗಿ ತಾನಾಗಿಯೇ ಕಾವಲಿ ಬಿಡುವ ಮೊದಲು ಮಗುಚುವ ಆತುರ ಬೇಡ. ಮೀನಿಗಿಂತ ಹೆಚ್ಚಾಗಿ ಈ ಆತುರವೇ ಕಟ್ಲೆಟ್‌ಗಳನ್ನು ಕೆಡಿಸುತ್ತದೆ ಎಂಬುದು ನನ್ನ ಅನುಭವ. ಮಿಕ್ಕ ಮೀನನ್ನು ತೆರೆದ ಡಬ್ಬಿಯಲ್ಲೇ ಬಿಡದೆ ಸ್ಟೀಲ್ ಪಾತ್ರೆಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಟ್ಟು, ಮರುದಿನವೇ ಬಳಸಿರಿ.