ಆ್ಯಡ್ ಹಾಕಿದ್ದು ಶಿವಮೊಗ್ಗಕ್ಕೆ, ಕ್ಲಿಕ್ ಬಂದಿದ್ದು ಬೆಂಗಳೂರಿಂದ

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ಆರ್‌ಓ ವಾಟರ್ ಫಿಲ್ಟರ್ ಸರ್ವಿಸ್ ಮಾಡ್ತೀನಿ, ಕೆಲಸಕ್ಕೆ ಇಬ್ರು ಹುಡುಗ್ರಿದಾರೆ. ಗೂಗಲ್ ಆ್ಯಡ್ಸಲ್ಲಿ ದಿನಕ್ಕೆ 300 ರೂಪಾಯಿ, ಬರೀ ಶಿವಮೊಗ್ಗ ಸೆಲೆಕ್ಟ್ ಮಾಡಿದೀನಿ. ಹೋದ ತಿಂಗಳ ಲೊಕೇಶನ್ ರಿಪೋರ್ಟ್ ತೆಗೆದ್ರೆ 410 ಕ್ಲಿಕ್ಕಲ್ಲಿ 150 ಬೆಂಗಳೂರಿಂದು! ಫಿಲ್ಟರ್ ಬದಲಾಯಿಸೋಕೆ ಬೆಂಗಳೂರಿಗೆ ಬಸ್ ಹತ್ತಲಾ? ಬೆಂಗಳೂರನ್ನ ಬ್ಲಾಕ್ ಮಾಡೋದು ಹೇಗೆ ಹೇಳಿ.

ಉತ್ತರ: ಕೋಪ ಅರ್ಥ ಆಗತ್ತೆ, ಕ್ಲಿಕ್ಕಿಗೆ 22 ರೂಪಾಯಿ ಲೆಕ್ಕ ಹಾಕಿದ್ರೂ 3,300 ರೂಪಾಯಿ ಅತ್ಲಾಗೆ ಹೋಗಿದೆ. ಆದ್ರೂ ಬ್ಲಾಕ್ ಬಟನ್ ಒತ್ತೋಕೆ ಮುಂಚೆ ಸ್ವಲ್ಪ ತಡೀರಿ.

ಗೂಗಲ್ ಆ್ಯಡ್ಸಲ್ಲಿ ಊರು ಅನ್ನೋದಕ್ಕೆ ಎರಡು ಅರ್ಥ ಇದೆ. ‘ಮ್ಯಾಚ್ಡ್ ಲೊಕೇಶನ್’ ಅಂದ್ರೆ ಯಾವ ಊರಿನ ಲೆಕ್ಕದಲ್ಲಿ ಆ್ಯಡ್ ತೋರಿಸಿದ್ರು ಅನ್ನೋದು, ‘ಯೂಸರ್ ಲೊಕೇಶನ್’ ಅಂದ್ರೆ ನೋಡ್ದೋರು ಆಗ ಎಲ್ಲಿದ್ರು ಅಂತ ಗೂಗಲ್ ಅಂದಾಜು ಮಾಡಿದ್ದು. ನೀವು ನೋಡಿರೋದು ಎರಡನೇದು. ಇನ್ನೊಂದು ರಿಪೋರ್ಟ್ ತೆಗೆದ್ರೆ ಅದೇ ಕ್ಲಿಕ್ಕುಗಳು ಶಿವಮೊಗ್ಗ ಅಂತಾನೇ ಕಾಣಬಹುದು, ಪಕ್ಕದ ಲೊಕೇಶನ್ ಟೈಪ್ ಕಾಲಮ್ಮಲ್ಲಿ ‘ಲೊಕೇಶನ್ ಆಫ್ ಇಂಟರೆಸ್ಟ್’ ಅಂತ ಇರತ್ತೆ. ಅಂದ್ರೆ ಬೆಂಗಳೂರಲ್ಲಿ ಕೂತು ‘ಆರ್‌ಓ ಸರ್ವಿಸ್ ಶಿವಮೊಗ್ಗ’ ಅಂತ ಟೈಪ್ ಮಾಡ್ದೋರಿಗೂ ನಿಮ್ಮ ಆ್ಯಡ್ ಹೋಗಿದೆ. ಕ್ಯಾಂಪೇನ್ ಸೆಟ್ಟಿಂಗಲ್ಲಿ ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ (ಆ ಊರಲ್ಲಿರೋರು ಇಲ್ಲಾ ಆ ಊರಿನ ಬಗ್ಗೆ ಆಸಕ್ತಿ ಇರೋರು) ಅನ್ನೋದು ಮೊದಲೇ ಆನ್ ಆಗಿ ಬಂದಿರತ್ತೆ, ಪಕ್ಕದಲ್ಲಿ ‘ರೆಕಮೆಂಡೆಡ್’ ಅಂತ ಬೇರೆ ಬರ್ದಿರ್ತಾರೆ, ಯಾರಿಗೆ ರೆಕಮೆಂಡ್ ಅಂತ ಮಾತ್ರ ಹೇಳಲ್ಲ.

ಹಾಗಂತ ಆ 150 ಕ್ಲಿಕ್ಕೂ ದಂಡ ಅಲ್ಲ. ಮಗ ವೈಟ್‌ಫೀಲ್ಡಲ್ಲಿ ಕೆಲಸ, ಅಪ್ಪ ಅಮ್ಮ ಶಿವಮೊಗ್ಗದ ವಿನೋಬನಗರದಲ್ಲಿ, ‘ನೀರು ಸಣ್ಣಗೆ ಬರ್ತಿದೆ ಕಣೋ’ ಅಂತ ಅಮ್ಮ ಫೋನ್ ಮಾಡ್ತಾರೆ, ಇವ್ನು ಆಫೀಸಲ್ಲೇ ಹುಡುಕಿ ನಿಮಗೆ ಕಾಲ್ ಮಾಡ್ತಾನೆ, ದುಡ್ಡೂ ಅವ್ನೇ ಕಳಿಸ್ತಾನೆ. ಇಂಥ ಗಿರಾಕಿ ರೇಟಿಗೆ ಚೌಕಾಸೀನೂ ಕಮ್ಮಿ ಮಾಡ್ತಾನೆ! ಇನ್ನು ಕೆಲವ್ರು ನಿಜವಾಗ್ಲೂ ಶಿವಮೊಗ್ಗದಲ್ಲೇ ಇರ್ತಾರೆ, ಆದ್ರೆ ಜಿಪಿಎಸ್ ಆಫ್ ಇದ್ದು ಗೂಗಲ್ ಐಪಿ ಅಡ್ರೆಸ್ (ಇಂಟರ್ನೆಟ್ ಕನೆಕ್ಷನ್ನಿನ ನಂಬರ್) ನಂಬ್ಕೊಂಡಾಗ ಮೊಬೈಲ್ ಡೇಟಾದ ಐಪಿ ಬೆಂಗಳೂರು ತೋರಿಸೋದುಂಟು. ಬೆಂಗಳೂರನ್ನ ಎಕ್ಸ್‌ಕ್ಲೂಡ್ ಮಾಡಿದ್ರೆ ಇವ್ರಿಬ್ರೂ ಹೋದ್ರು.

ನಾನಾಗಿದ್ರೆ ಕ್ಯಾಂಪೇನನ್ನ ಎರಡು ಮಾಡ್ತಿದ್ದೆ. ಒಂದಕ್ಕೆ ಶಿವಮೊಗ್ಗ, ‘ಪ್ರೆಸೆನ್ಸ್’ (ಆ ಊರಲ್ಲಿರೋರು) ಮಾತ್ರ, ದಿನಕ್ಕೆ 250 ರೂಪಾಯಿ, ‘ಆರ್‌ಓ ಸರ್ವಿಸ್’, ‘ವಾಟರ್ ಫಿಲ್ಟರ್ ರಿಪೇರಿ’ ಥರ ಮಾಮೂಲಿ ಕೀವರ್ಡ್ (ಜನ ಹುಡುಕೋ ಪದ). ಇನ್ನೊಂದಕ್ಕೆ ಬೆಂಗಳೂರು, ಅದೂ ‘ಪ್ರೆಸೆನ್ಸ್’ ಮಾತ್ರ, 50 ರೂಪಾಯಿ, ಆದ್ರೆ ಪ್ರತಿ ಕೀವರ್ಡಲ್ಲೂ ಶಿವಮೊಗ್ಗ ಅಂತ ಇರ್ಲೇಬೇಕು, ಫ್ರೇಸ್ ಮ್ಯಾಚ್ (ಹುಡುಕಾಟದಲ್ಲಿ ಆ ಪದಗಳ ಅರ್ಥ ಇರ್ಬೇಕು) ಇಲ್ಲಾ ಎಕ್ಸಾಕ್ಟ್ (ಹುಡುಕಾಟದ ಅರ್ಥ ಅದೇ ಆಗಿರ್ಬೇಕು) ಹಾಕಿ, ಸಂಬಂಧ ಇರೋ ಬೇರೆ ಹುಡುಕಾಟಕ್ಕೂ ತೋರಿಸೋ ಬ್ರಾಡ್ ಬೇಡ್ವೇ ಬೇಡ. ಸ್ಪೆಲ್ಲಿಂಗ್ ಜನ ಶಿಮೊಗ್ಗ ಅಂತಾನೂ ಹೊಡೀತಾರೆ, ಅದೂ ಸೇರ್ಸಿ. ಒಂದು ತಿಂಗಳು ಕಾಲ್ ಬಂದಾಗೆಲ್ಲ ‘ಮನೆ ಎಲ್ಲಿ ಸರ್, ನೀವು ಎಲ್ಲಿಂದ ಮಾತಾಡ್ತಿದೀರಾ’ ಅಂತ ಎರಡೂ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಕೆ ಹುಡುಗ್ರಿಗೆ ಹೇಳಿ. 50 ರೂಪಾಯಿದು ಕೆಲಸ ತರ್ಲಿಲ್ಲ ಅಂದ್ರೆ ಆಮೇಲೆ ನಿಲ್ಸಿ, ನಾನು ಬೇಡ ಅನ್ನಲ್ಲ.

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮ ಹೋಂಸ್ಟೇ ಇದೆ. ಇನ್‌ಸ್ಟಾಗ್ರಾಂ ಆ್ಯಡ್ ನೋಡಿ ಯಾವ ಊರಿನೋರು ಬುಕ್ ಮಾಡ್ತಿದಾರೆ ಅಂತ ಗೊತ್ತಾಗ್ಬೇಕು. ಆ್ಯಡ್ಸ್ ಮ್ಯಾನೇಜರಲ್ಲಿ ‘ರೀಜನ್’ ಬ್ರೇಕ್‌ಡೌನ್ (ಜಾಗದ ಪ್ರಕಾರ ಲೆಕ್ಕ) ಹಾಕಿದ್ರೆ ‘ಕರ್ನಾಟಕ’ ಅಂತ ಒಂದೇ ಲೈನ್ ಬರತ್ತೆ ಅಂತ ತಂಗಿ ಅಂತಾಳೆ, ನಂಗೂ ಹಾಗೇ ಬಂತು.

ಉತ್ತರ: ಅಲ್ಲಿ ರೀಜನ್ ಅಂದ್ರೆ ರಾಜ್ಯ, ಹಾಗಾಗಿ ನಿಮ್ದೇನೂ ತಪ್ಪಿಲ್ಲ. ಊರಿನ ಲೆಕ್ಕ ಬೇಕಂದ್ರೆ ಊರಿಗೊಂದು ‘ಆ್ಯಡ್ ಸೆಟ್’ (ಆ ಊರಿಗೇ ಗುರಿ ಇಟ್ಟ ಆ್ಯಡ್ ಗುಂಪು) ಮಾಡಿ, ಬೆಂಗಳೂರು, ಮೈಸೂರು, ಮಂಗಳೂರು, ಮೂರಕ್ಕೂ ಅದೇ ಫೋಟೋ ಅದೇ ಬರಹ, ಹೆಸರಲ್ಲಿ ಊರು ಹಾಕಿ. ಅಲ್ಲಿ ವಾಸ ಇರೋರು, ಈಚೆಗೆ ಅಲ್ಲಿ ಬಂದು ಹೋದೋರು ಅಂತ ಬೇರೆ ಬೇರೆ ಆರಿಸ್ಕೊಳ್ಳೋ ಆಪ್ಷನ್ನನ್ನ ಇನ್‌ಸ್ಟಾಗ್ರಾಂ ನಡೆಸೋ ಮೆಟಾ ಕಂಪನಿ 2023ರಲ್ಲೇ ತೆಗೆದುಬಿಟ್ಟಿದೆ, ಅದಕ್ಕೇ ಬೆಂಗಳೂರಿನ ಸೆಟ್ಟಲ್ಲಿ ಅಲ್ಲಿಗೆ ಹೋಗಿ ಬಂದ ಹಾಸನದೋರೂ ಸ್ವಲ್ಪ ಸೇರ್ತಾರೆ. ಮತ್ತೆ ಒಂದು ವಾರದ ಏಳೆಂಟು ಮೆಸೇಜ್ ನೋಡಿ ‘ಮಂಗಳೂರು ವೇಸ್ಟು’ ಅಂತ ತೀರ್ಮಾನ ಮಾಡ್ಬೇಡಿ, ಒಂದು ಲಾಂಗ್ ವೀಕೆಂಡ್ ಆದ್ರೂ ಕಳೀಲಿ.

ಪ್ರಶ್ನೆ: ಗೂಗಲ್ ಆ್ಯಡ್ಸಲ್ಲಿ ದಾವಣಗೆರೆ 90 ಕ್ಲಿಕ್, ವೆಬ್‌ಸೈಟಿಗೆ ಬಂದೋರನ್ನ ಎಣಿಸೋ ಗೂಗಲ್ ಅನಲಿಟಿಕ್ಸಲ್ಲಿ ದಾವಣಗೆರೆ 31. ಯಾವುದು ಸರಿ?

ಉತ್ತರ: ಎರಡೂ ಬೇರೆ ಬೇರೆ ಎಣಿಸ್ತಾವೆ. ಆ್ಯಡ್ಸ್ ಕ್ಲಿಕ್ ಎಣಿಸತ್ತೆ, ಅನಲಿಟಿಕ್ಸ್ ಪೇಜ್ ಓಪನ್ ಆದ್ಮೇಲೆ ಎಣಿಸತ್ತೆ, ಊರನ್ನೂ ಐಪಿ ನೋಡಿ ಹೇಳತ್ತೆ, ಹಾಗಾಗಿ ದಾವಣಗೆರೆಯೋರು ಎಷ್ಟೋ ಜನ ಅಲ್ಲಿ ಬೆಂಗಳೂರಿನ ಲೈನಲ್ಲಿ ಕೂತಿರಬಹುದು. ಬಿಲ್ ಬರೋದು ಆ್ಯಡ್ಸಿನ ಲೆಕ್ಕದ ಮೇಲೆ, ಖರ್ಚಿಗೆ ಅದನ್ನೇ ಹಿಡ್ಕೊಳ್ಳಿ.