ಬ್ರಿಟನ್ನಿನಲ್ಲಿ ಅರಸೊತ್ತಿಗೆಯ ವಿರುದ್ಧ ನಡೆಯುವ ಪ್ರತಿಭಟನೆಗಳನ್ನು ರಾಜನಿಷ್ಠರು ಹೇಗೆ ನೋಡುತ್ತಾರೆ?

ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕದ ದಿನ, 2023ರ ಮೇ 6ರಂದು, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅರಸೊತ್ತಿಗೆಯನ್ನು ವಿರೋಧಿಸುವ ‘ರಿಪಬ್ಲಿಕ್’ ಸಂಘಟನೆಯವರು ‘ಈತ ನನ್ನ ರಾಜನಲ್ಲ’ ಎಂಬ ಹಳದಿ ಫಲಕಗಳೊಂದಿಗೆ ಪ್ರತಿಭಟಿಸಿದರು. ಫಲಕಗಳನ್ನು ಕಟ್ಟಲು ತಂದಿದ್ದ ಪಟ್ಟಿಗಳನ್ನೇ ದಾರಿ ತಡೆಯುವ ಸಾಧನವೆಂದು ಶಂಕಿಸಿ, ಸಂಘಟನೆಯ ಮುಖ್ಯಸ್ಥ ಗ್ರಹಾಂ ಸ್ಮಿತ್ ಸೇರಿದಂತೆ ಆರು ಮಂದಿಯನ್ನು ಬಂಧಿಸಿದ ಪೊಲೀಸರು, ಬಳಿಕ ಮೊಕದ್ದಮೆ ಹೂಡದೆ ವಿಷಾದ ವ್ಯಕ್ತಪಡಿಸಿದರು.

ರಾಜನಿಷ್ಠರೆಲ್ಲರ ಅಭಿಪ್ರಾಯ ಒಂದೇ ಅಲ್ಲ. ಹಲವರಿಗೆ ಇದು ಪಟ್ಟಾಭಿಷೇಕವೆಂಬ ಪವಿತ್ರ ಧಾರ್ಮಿಕ ವಿಧಿಗೆ ತೋರಿದ ಅಗೌರವ. ರಾಜನು ಪಕ್ಷ ರಾಜಕೀಯದಿಂದ ದೂರವಿದ್ದು ಸಚಿವರ ಸಲಹೆಯಂತೆ ನಡೆಯುವುದರಿಂದ, ಆಡಳಿತದ ತಪ್ಪಿಗೆ ಸಚಿವರನ್ನೇ ಪ್ರಶ್ನಿಸಬೇಕೆಂಬುದು ಅವರ ವಾದ. ಆದರೆ ಸಾಂವಿಧಾನಿಕ ಅರಸೊತ್ತಿಗೆ ನಿಂತಿರುವುದೇ ಜನರ ಒಪ್ಪಿಗೆಯ ಮೇಲೆ ಎಂದು ತಿಳಿದವರು ಭಿನ್ನಮತದ ಹಕ್ಕನ್ನೂ ಸಮರ್ಥಿಸುತ್ತಾರೆ. ವಿರೋಧಿಸುವ ಸ್ವಾತಂತ್ರ್ಯವಿಲ್ಲದಲ್ಲಿ ಒಪ್ಪಿಗೆಗೆ ಬೆಲೆಯಿಲ್ಲವಾದ್ದರಿಂದ, ನನಗೆ ಈ ನಿಲುವೇ ಹೆಚ್ಚು ಗಟ್ಟಿಯೆನಿಸುತ್ತದೆ.