ಬಾಂಡ್ (ಸಾಲಪತ್ರ) ಬಿಡುವ ಕಂಪನಿಗೆ ರೇಟಿಂಗ್ ಹೇಗೆ ಕೊಡುತ್ತಾರೆ?

ನಮ್ಮ ಕಾಸರಗೋಡು ಕಡೆ ಅಡಕೆ ತೋಟದವರಿಗೆ ಕೈಸಾಲ ಕೊಡುವವರು ಏನು ನೋಡುತ್ತಾರೆ? ಫಸಲು ಎಷ್ಟು, ಹಳೆ ಸಾಲ ಎಷ್ಟು, ಕೊಳೆರೋಗ ಬಂದ ವರ್ಷವೂ ಬಡ್ಡಿ ಕಟ್ಟಿದ್ದಾರಾ ಅಂತ. ರೇಟಿಂಗ್ ಕೊಡುವ ಕ್ರಿಸಿಲ್, ಇಕ್ರಾದಂಥ ಏಜೆನ್ಸಿಗಳು ಕೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಲೆಕ್ಕಪುಸ್ತಕದಲ್ಲಿ ಕಾಣುವ ಲಾಭಕ್ಕಿಂತ ಕೈಗೆ ಬರುವ ನಗದು ಮುಖ್ಯ. ವರ್ಷಕ್ಕೆ 100 ಕೋಟಿ ಬಡ್ಡಿ ಕಟ್ಟಬೇಕಾದ ಕಂಪನಿ 400 ಕೋಟಿ ದುಡಿದರೆ ನೆಮ್ಮದಿ. ಬರೀ 110 ಕೋಟಿ ಆದರೆ? ಒಂದು ಕೆಟ್ಟ ವರ್ಷ ಸಾಕು. ಆಡಳಿತ ಹೇಗಿದೆ, ಕಷ್ಟಕ್ಕೆ ಬೆನ್ನಿಗೆ ನಿಲ್ಲುವವರು ಯಾರು ಅಂತಲೂ ನೋಡುತ್ತಾರೆ. ಕೊನೆಗೆ ಸಮಿತಿ ಕೂತು ಎಎಎಯಿಂದ (ಅತಿ ಸುರಕ್ಷಿತ) ಡಿವರೆಗಿನ (ಸಾಲ ಕಟ್ಟದೆ ತಪ್ಪಿದವರು) ಒಂದು ದರ್ಜೆ ಕೊಡುತ್ತದೆ. ಬಿಬಿಬಿ ಮೈನಸ್‌ಗಿಂತ ಕೆಳಗಿದ್ದರೆ ಅಪಾಯ ಜಾಸ್ತಿ, ಬಡ್ಡಿಯೂ ಜಾಸ್ತಿ.

ಫೀಸು ಕೊಡುವುದು ಮಾತ್ರ ಬಾಂಡ್ ಬಿಡುವ ಕಂಪನಿಯೇ. ವಿಚಿತ್ರ ಅಲ್ವಾ? 2018ರಲ್ಲಿ ಸಾಲ ಕಟ್ಟಲಾಗದೆ ಕೂತ ಐಎಲ್ ಅಂಡ್ ಎಫ್ಎಸ್ ಎಂಬ ಹಣಕಾಸು ಕಂಪನಿಗೆ ಕೆಲವೇ ತಿಂಗಳ ಹಿಂದೆ ಎಎಎ ಇತ್ತು.